ಹನ್ನೊಂದನೆಯ ನಿಯಮ

ಮಗಳ ಮದುವೆಯ ಆಮಂತ್ರಣದ ಹಿಂಬದಿಯಲ್ಲಿ ಹನ್ನೊಂದು ನಿಯಮಗಳನ್ನು ಅಚ್ಚು ಹಾಕಿಸಿದವನು ನಾನೇ. ನಿಯಮದೊಳಗೊಬ್ಬ ಯಮ ಕೂತಿರುತ್ತಾನೆಂಬುದು ಆಗ ಹೊಳೆದಿರಲಿಲ್ಲ.

ಮನಿಲಾ ಹತ್ತಿರದ ನಮ್ಮೂರು ಸಾನ್ ಫೆರ್ನಾಂಡೋಗೆ ಕ್ರಿಸ್‌ಮಸ್ ಸೆಪ್ಟೆಂಬರಿನಲ್ಲೇ ಬಂದು ಕೂರುತ್ತದೆ. ಜನವರಿಯಲ್ಲಿ ಎಬ್ಬಿಸಿದರೂ ಏಳುವುದಿಲ್ಲ (ನನ್ನ ಭಾವಮೈದುನನ ಹಾಗೆ). ಹೀಗಾಗಿ ಮಗಳು ಲಿಗಾಯಳ ಮದುವೆ ಡಿಸೆಂಬರ್ ಇಪ್ಪತ್ತೇಳಕ್ಕೆ ಎಂದಾದಾಗ, ಇಗರ್ಜಿಗೆ ಹೇಗೂ ಅಲಂಕಾರ ಆಗಿಯೇ ಇರುತ್ತದೆ, ಕ್ರಿಸ್‌ಮಸ್ ಥೀಮ್ ಇಟ್ಟುಬಿಡೋಣ ಎಂದೆ. ಹುಡುಗನ ತಾಯಿ ದೋನ್ಯಾ ಮಿಲಾಗ್ರೋಸ್ ಮೂಗು ಮುರಿದರು.

“ಬೀಗರೇ, ಕ್ರಿಸ್‌ಮಸ್ ಅಂದ್ರೆ ಗಲಾಟೆ. ನಮ್ಮ ಕಡೆಯೋರು ಗಂಭೀರ ಜನ. ಸ್ವಲ್ಪ ಅಸಭ್ಯ ಕಂಡ್ರೂ ಮದುವೇನ ಮನಿಲಾದ ಹೋಟ್ಲಿಗೆ ಎತ್ಕೊಂಡು ಹೋಗ್ತೀನಿ.”

ಹೋಟೆಲಿನ ಮದುವೆಯಲ್ಲಿ ಹೆಣ್ಣಿನ ತಂದೆ ಊಟಕ್ಕೆ ಬಂದವರಲ್ಲೊಬ್ಬ. ನನಗೋ, ಅನಾನಸ್ ನಾರಿನ ಬರೋಂಗ್ ಅಂಗಿ ತೊಟ್ಟು, ನಮ್ಮದೇ ಇಗರ್ಜಿಯಲ್ಲಿ, ಮಗಳ ಕೈ ಹಿಡಿದು ರಾಜಗಾಂಭೀರ್ಯದಿಂದ ಪೀಠದವರೆಗೆ ನಡೆಯುವ ಆಸೆ. ಎದೆಯ ತುಂಬ ಕಸೂತಿಯಿರುವ ಆ ಅಂಗಿ ಪಾರದರ್ಶಕ. ಅದರಲ್ಲಿ ಹೊಟ್ಟೆಯ ಗುಟ್ಟು ಉಳಿಯುವುದಿಲ್ಲವೆಂದು ಮೂರು ತಿಂಗಳಿಂದ ಬಿಯರ್ ಬಿಟ್ಟು ಬಳ್ಳಿಯಂತಾಗಿದ್ದೆ.

ಹಾಗಾಗಿ ನಿಯಮಾವಳಿ ಹುಟ್ಟಿತು. ಗಂಡಸರಿಗೆ ಬರೋಂಗ್, ಹೆಂಗಸರಿಗೆ ಕೆಂಪು ಇಲ್ಲವೇ ಹಸಿರು ನಿಲುವಂಗಿ. ನಾಲ್ಕನೆಯದು: ಬಿಳಿ ಗೌನು ವಧುವಿಗಷ್ಟೇ ಮೀಸಲು. ಹನ್ನೊಂದನೆಯದು: ನಿಯಮ ಮುರಿದವರು, ಯಾರೇ ಆಗಿರಲಿ, ಸಾಂತಾಕ್ಲಾಸನ ಕೆಂಪು ಟೊಪ್ಪಿ ಮತ್ತು ಹತ್ತಿಯ ಗಡ್ಡ ಧರಿಸತಕ್ಕದ್ದು, ಮದುವೆ ಮುಗಿಯುವ ತನಕ ತೆಗೆಯತಕ್ಕದ್ದಲ್ಲ. ಅವಮಾನ ಎದ್ದು ಕಾಣಲೆಂದು ಹೊಕ್ಕುಳ ಮುಟ್ಟುವ ಗಡ್ಡವನ್ನೇ ಮಾಡಿಸಿಟ್ಟೆ.

“ನಿಮ್ಮಲ್ಲೊಬ್ಬ ನ್ಯಾಯಾಧೀಶ ಇದ್ದಾನೆ ಬೀಗರೇ” ಎಂದರು ದೋನ್ಯಾ. ಮದುವೆ ನಮ್ಮೂರಿನಲ್ಲೇ ಉಳಿಯಿತು. ವಾರ ಮೊದಲು, ಸಂಜೆ ಐದಕ್ಕೆ, ಕೊನೆಯ ತಪಾಸಣೆಗೆ ಬರುವುದಾಗಿ ಹೇಳಿ ಕಳಿಸಿದರು.

ಅದೇ ದಿನ ಮಧ್ಯಾಹ್ನ ದರ್ಜಿ ಬಿನಿಂಗ್ ಗೌನು ತಂದಳು. ಅವಳ ಗಂಡ ನಕ್ಷತ್ರದ ಗೂಡುದೀಪ ಕಟ್ಟುವವನು. ಇಬ್ಬರೂ ಸೇರಿ ಗೌನಿನ ಅಂಚಿಗೆ ನೂರು ಮಿಣುಕು ಬಲ್ಬು ಹೊಲಿದಿದ್ದರು. ಆದರೆ ಮದುಮಗಳು ಮದುವೆಗೆ ಮುಂಚೆ ಗೌನು ತೊಟ್ಟರೆ ಮದುವೆ ಮುರಿಯುತ್ತದೆಂಬುದು ನಮ್ಮಲ್ಲಿ ಹಾಲುಕುಡಿಯುವ ಕೂಸಿಗೂ ಗೊತ್ತು. ಅಳತೆ ನೋಡಲು ಬೇರೆ ಮೈ ಬೇಕು. ಗೊತ್ತು ಮಾಡಿದ್ದ ತಂಗಿಯ ಮಗಳು ಈಗ ಆರು ತಿಂಗಳ ಬಸುರಿ. ಬಿನಿಂಗಳ ಟೇಪು ಕೋಣೆಯಲ್ಲೆಲ್ಲ ಅಲೆದು ನನ್ನ ಸೊಂಟಕ್ಕೆ ಬಂದು ಸುತ್ತಿಕೊಂಡಿತು.

“ಅಕ್ಕಾ, ನೋಡಿಲ್ಲಿ! ಅಣ್ಣೋರದು ಲಿಗಾಯಂದೇ ಅಳತೆ!”

“ರೀ, ಎದ್ದೇಳಿ” ಎಂದಳು ನನ್ನ ಹೆಂಡತಿ ಪಸಿತಾ.

“ನಾನಾ? ಕಾನ್ವೆಂಟಲ್ಲಿ ಓದಿದೋನು ಕಣೇ!”

“ಮತ್ತಿನ್ನೇನು? ಸಿಸ್ಟರ್‌ಗಳ ಗೌನು ನೋಡ್ಕೊಂಡೇ ಬೆಳೆದಿದೀರಿ. ಕೈ ಎತ್ತಿ.”

ಮದುವೆಮನೆಯಲ್ಲಿ ಗೌನು ಮುಖ್ಯ, ಗಂಡ ಗೌಣ. ಕೈ ಎತ್ತಿದೆ. ಗೌನು ಇಳಿಯಿತು, ಬೆನ್ನಿನ ಜಿಪ್ಪು ಏರಿತು, ಬಲ್ಬುಗಳು ಹೊತ್ತಿಕೊಂಡವು. ಲಿಗಾಯ ಚಪ್ಪಾಳೆ ತಟ್ಟಿದಳು. “ಅಪ್ಪಾ, ಮೀಸೆ ಒಂದು ಬಿಟ್ರೆ ನೀನೇ ಮದುಮಗಳು!”

ಬಿಚ್ಚಹೊರಟರೆ ಜಿಪ್ಪು ಅಲುಗಲಿಲ್ಲ. ಬಿನಿಂಗ್ ಎಳೆದಳು, ಪಸಿತಾ ಎಳೆದಳು, ಇಬ್ಬರೂ ಸೇರಿ ನನ್ನನ್ನು ಬೈದರು. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್. ಐದಕ್ಕೆ ಬರಬೇಕಾದ ದೋನ್ಯಾ ಮೂರಕ್ಕೇ ಪ್ರತ್ಯಕ್ಷ!

ಓಡಲು ಗೌನಿನ ಬಾಲ ಬಿಡಲಿಲ್ಲ. ಕ್ರಿಸ್‌ಮಸ್ ಮರದ ಹಿಂದೆ ನುಗ್ಗಿ ಕಲ್ಲಾಗಿ ನಿಂತೆ. ಬಲ್ಬುಗಳು ಮಾತ್ರ ನನ್ನ ಮಾತು ಕೇಳದೆ ಮಿಣುಕುತ್ತಿದ್ದವು.

“ಅಬ್ಬಾ, ಮರದ ಹಿಂದೆ ಎಷ್ಟು ದೊಡ್ಡ ಗೂಡುದೀಪ!” ದೋನ್ಯಾರ ಧ್ವನಿ. “ಗಂಭೀರವಾಗಿದೆ.”

ಗಾಂಭೀರ್ಯ ಇನ್ನೊಂದು ನಿಮಿಷ ಉಳಿಯುತ್ತಿತ್ತೇನೋ. ಕಣಕಾಲಿನ ಬಳಿಯ ಬಲ್ಬೊಂದು ಚುರ್ ಎಂದಿತು. “ಅಯ್ಯೋ ಮೇರಿಮಾತೆ!” ಎಂದು ಗೂಡುದೀಪ ಕಿರುಚಿತು.

ಕೊಂಬೆ ಸರಿಸಿ ದೋನ್ಯಾ ನೋಡಿದರು. ನನ್ನ ಮೀಸೆಯಿಂದ ಗೌನಿನ ಬಾಲದವರೆಗೆ, ನಿಧಾನವಾಗಿ.

“ಬೀಗರೇ, ನಾಲ್ಕನೇ ನಿಯಮ ಏನು?”

“ಬಿಳಿ ಗೌನು... ವಧುವಿಗಷ್ಟೇ.”

ಥಟ್ಟನೆ ಅವರ ಮುಖ ಬಿಳುಚಿತು. “ಅಯ್ಯೋ, ಮೊದಲೇ ಹಾಕ್ಕೊಂಡೋರ ಮದುವೆ ಮುರಿಯುತ್ತೆ ಅಂತಾರಲ್ಲ!”

“ಇವರದು ಆಗಿ ಇಪ್ಪತ್ತೊಂಬತ್ತು ವರ್ಷ ಆಯ್ತು” ಎಂದಳು ಪಸಿತಾ. “ಈಗ ಮುರಿದ್ರೂ ನನ್ನ ಅಭ್ಯಂತರ ಏನಿಲ್ಲ.”

ದೋನ್ಯಾ ನಕ್ಕರು. ಮೊದಲು ಮೂಗಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ಕುರ್ಚಿ ಹಿಡಿದುಕೊಂಡು. ಏನಾಯಿತೋ ಎಂದು ಡ್ರೈವರ್ ಒಳಗೆ ಓಡಿಬಂದ (ಅವನೂ ನೋಡಿದ). ಕಣ್ಣೊರೆಸಿಕೊಂಡು ತೀರ್ಪಿತ್ತರು: “ಮದುವೆ ಇಲ್ಲೇ ಆಗ್ಲಿ. ಹೋಟ್ಲಲ್ಲಿ ಇಂಥಾದ್ದೆಲ್ಲಿ ಸಿಗುತ್ತೆ? ಆದ್ರೆ ಬೀಗರೇ, ಹನ್ನೊಂದನೇ ನಿಯಮದಲ್ಲಿ ‘ಯಾರೇ ಆಗಿರಲಿ’ ಅಂತ ಬರೆದೋರು ನೀವೇ ಅಲ್ವಾ?”

ಇಪ್ಪತ್ತೇಳರಂದು ಮುನ್ನೂರು ಜನ ಒಬ್ಬರಿಗಿಂತ ಒಬ್ಬರು ನಿಯಮಬದ್ಧರಾಗಿ ಬಂದಿದ್ದರು. ಆ ದಿವ್ಯ ಸಭೆಯ ನಡುವೆ ಕೆಂಪು ಟೊಪ್ಪಿ ತೊಟ್ಟು ನಾನು ಮಗಳ ಕೈ ಹಿಡಿದು ನಡೆದೆ. ನನ್ನ ಬರೋಂಗಿನ ಕಸೂತಿ ಯಾರಿಗೂ ಕಾಣಲಿಲ್ಲ, ಗಡ್ಡ ಹೊಕ್ಕುಳವರೆಗಿತ್ತು. ದಾರಿಯುದ್ದಕ್ಕೂ ಮಕ್ಕಳು ಮಿಠಾಯಿಗಾಗಿ ಪ್ಯಾಂಟು ಜಗ್ಗಿದವು. ಲಿಗಾಯಳ ಭುಜ ನಡುಗುತ್ತಿತ್ತು. ಅಪ್ಪನನ್ನು ಬಿಟ್ಟುಹೋಗುವ ಸಂಕಟವೆಂದು ನನ್ನ ಕಣ್ಣೂ ತುಂಬಿತು. ಬಗ್ಗಿ ನೋಡಿದರೆ, ಹುಡುಗಿ ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು.

ಅವಳ ಕೈಯನ್ನು ಅಳಿಯನಿಗೊಪ್ಪಿಸಿ, ಬಾಯಿಗೆ ಹೊಕ್ಕ ಹತ್ತಿಯನ್ನು ಉಗುಳಿ ಬೆಂಚಿಗೆ ಬಂದು ಕೂತೆ. ಪಸಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿವಿಯ ಬಳಿ ಬಂದು ಪಿಸುಗುಟ್ಟಿದಳು:

“ನಿಜ ಹೇಳ್ಲಾ? ನಿಮಗೆ ಗೌನೇ ಒಪ್ತಿತ್ತು.”