ಬಲಗೈಗೆ ನಿಂಬೆ, ಎಡಗೈಗೆ ಕಿತ್ತಳೆ

ಸೆಂಟಿನ ಅಂಗಡಿಯಲ್ಲಿ ಕೆಲಸ ಕೇಳಲು ಹೊರಟ ಹುಡುಗಿಗೆ ಸರಿಯಾಗಿ ಅದೇ ವಾರ ನೆಗಡಿ ಬರಬೇಕೆ? ನನ್ನ ಮಗಳಿಗೆ ಬಂತು. ಅಂಗಡಿಯಮ್ಮ ಎರಡು ಪುಟ್ಟ ಶೀಶೆ ಕೊಟ್ಟು ಕಳಿಸಿದ್ದರು. ಒಂದು ನಿಂಬೆಯದು, ಒಂದು ಕಿತ್ತಳೆಯದು. ಬೇಸಿಗೆಗೆ ಯಾವುದು ಮೇಲು, ಯಾವುದರ ಘಮ ಹೆಚ್ಚು ಹೊತ್ತು ನಿಲ್ಲುತ್ತದೆ, ನೋಡಿ ಹೇಳಬೇಕು. ಸರಿಯಾಗಿ ಹೇಳಿದರೆ ಕೆಲಸ.

"ಅಮ್ಮ, ನಿನ್ನ ಮೂಗು ಕೊಡು," ಅಂದಳು.

"ತಗೋ. ಮನೇಲಿ ನೆಟ್ಟಗಿರೋದು ಅದೊಂದೇ."

ಅವರು (ನನ್ನ ಯಜಮಾನರು) ಇದ್ದಾಗಲೂ ಮೂಗಿನ ಕೆಲಸ ನನ್ನದೇ. ಹಾಲು ಸೀದು ಕರಕಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ಅವರು ಹೋಗಿ ಹನ್ನೊಂದು ತಿಂಗಳಾಯಿತು. ಈಗ ಹಾಲು ಸೀಯುವುದಿಲ್ಲ. ಸೀದರೂ ಯಾರನ್ನು ಬೈಯಲಿ?

ಬೆಳಿಗ್ಗೆ ಬಲ ಮಣಿಕಟ್ಟಿಗೆ ನಿಂಬೆ, ಎಡಕ್ಕೆ ಕಿತ್ತಳೆ ಹಚ್ಚಿಕೊಂಡು ಲಾಂಡ್ರಿಗೆ ಹೋದೆ. ನಾನು ಅಲ್ಲಿ ಇಸ್ತ್ರಿ ಮಾಡುವವಳು. ಪಕ್ಕದಲ್ಲಿ ಕೂತು ಗುಂಡಿ ಹೊಲಿಯುವವಳನ್ನು ಎಲ್ಲರೂ ಗುಂಡಿ ಅಕ್ಕ ಅನ್ನುತ್ತೇವೆ.

"ಏನೇ ಇದು, ಘಮಘಮ? ಯಾರಾದ್ರೂ ನೋಡೋಕೆ ಬರ್ತಿದ್ದಾರಾ?"

"ಪರೀಕ್ಷೆ ಕಣಕ್ಕ. ಮಾತಾಡದೆ ಮೂಸು."

ಗಂಟೆಗೊಮ್ಮೆ ಇಬ್ಬರೂ ಮೂಸಿದೆವು. ಹತ್ತಕ್ಕೆಲ್ಲ ನಿಂಬೆ ನಾಪತ್ತೆ. ಕಿತ್ತಳೆ ಸಂಜೆಯವರೆಗೂ ಜಪ್ಪಯ್ಯ ಅಂದರೂ ಕದಲಲಿಲ್ಲ. ಮನೆಗೆ ಬಂದು ನ್ಯಾಯಾಧೀಶರ ಗತ್ತಿನಲ್ಲಿ ತೀರ್ಪು ಕೊಟ್ಟೆ. "ಕಿತ್ತಳೆ. ನಿಂಬೆ ದಂಡ."

ಮರುದಿನ ಮಗಳು ಮುಖ ಸಣ್ಣಗೆ ಮಾಡಿಕೊಂಡು ಬಂದಳು.

"ಹೇಗೆ ನೋಡಿದ್ರಿ ಅಂತ ಕೇಳಿದ್ರು. ಅಮ್ಮ ಇಸ್ತ್ರಿ ಮಾಡ್ತಾ ನೋಡಿದ್ರು ಅಂದೆ. ಇಸ್ತ್ರಿ ಪೆಟ್ಟಿಗೆ ಯಾವ ಕೈಲಿ ಅಂದ್ರು."

ಬಲಗೈಯಲ್ಲಿ. ಇನ್ಯಾವ ಕೈಯಲ್ಲಿ ಹಿಡಿಯಲಿ? ಆ ಹಬೆಗೆ ನಿಂಬೆಯೇನು, ಕಬ್ಬಿಣವೂ ಆವಿಯಾಗಬೇಕು.

"ಇನ್ನೊಂದು ಸಲ ನೋಡಬೇಕಂತೆ. ಈ ಸಲ ನೀನು ಏನೂ ಕೆಲಸ ಮಾಡಬಾರದು. ಸುಮ್ಮನೆ ಕೂರಬೇಕು."

"ಇಡೀ ದಿನ?"

"ಇಡೀ ದಿನ."

ಸುಮ್ಮನೆ ಕೂರಲು ಹೆದರಿಯೇ ಹನ್ನೊಂದು ತಿಂಗಳಿಂದ ನಾನು ಒಂದು ರಜೆಯೂ ಹಾಕಿರಲಿಲ್ಲ. ಮಗಳ ಕೆಲಸಕ್ಕಾಗಿ ಹಾಕಿದೆ. ಕಿಟಕಿಯ ಬಳಿ ಕುರ್ಚಿ, ಮಡಿಲಲ್ಲಿ ಎರಡು ಕೈ. ಹತ್ತಕ್ಕೆ ಎರಡೂ ಘಮ ಇದ್ದವು. ಹನ್ನೊಂದಕ್ಕೂ ಇದ್ದವು.

"ಅಮ್ಮ, ಎದ್ದೇಳು. ಐದು ಗಂಟೆ. ಯಾವುದು ಮೊದಲು ಹೋಯ್ತು?"

ಎರಡೂ ಕೈ ಮೂಸಿದೆ. ಏನೂ ಇಲ್ಲ.

"ನಂಗೇನು ಗೊತ್ತು. ನಿದ್ದೆ ಬಂತು."

ಮಗಳು ಬೈಯಲಿಲ್ಲ. ನಾನು ರಾತ್ರಿಯೂ ಸರಿಯಾಗಿ ಮಲಗುವುದಿಲ್ಲವೆಂದು ಅವಳಿಗೆ ಗೊತ್ತು.

ಅಂಗಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಅಂಗಡಿಯಮ್ಮ ಹಣೆ ಹಣೆ ಚಚ್ಚಿಕೊಂಡರಂತೆ. "ಹಚ್ಚಿಕೊಂಡ್ರೆ ಬೇಸಿಗೇಲೂ ಲವಲವಿಕೆ ಅಂತ ಬೋರ್ಡ್ ಹಾಕಿದ್ದೀನಿ, ನಿಮ್ಮಮ್ಮ ಗೊರಕೆ ಹೊಡೆದ್ರಾ? ನೀನು ಸುಳ್ಳು ಹೇಳಲ್ಲ, ಸೋಮವಾರದಿಂದ ಬಾ. ಈ ವಿಷಯ ಮಾತ್ರ ಯಾರ ಕಿವಿಗೂ ಬೀಳಬಾರದು."

ನಾನು ಬೆಳಿಗ್ಗೆಯೇ ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಮಗಳು ಇದನ್ನು ನನಗೆ ಹೇಳಿ ಮುಗಿಸುವ ಹೊತ್ತಿಗೆ ಗುಂಡಿ ಅಕ್ಕ ಎರಡೂ ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಂಗೂ ನಿದ್ದೆ ಬರಲ್ಲ ಕಣೇ. ಹಚ್ಚು. ಲಾಂಡ್ರಿಯ ಉಳಿದವರು ಹಿಂದೆ ಬರ್ತಿದ್ದಾರೆ."