ದೊಡ್ಡತ್ತೆ ಕಾಪಾಡಿದ ಕಿರೀಟ

ಇಂಗ್ಲೆಂಡಿನ ರಾಜನ ತಲೆಯ ಮೇಲೆ ಕಿರೀಟ ಅಲುಗಾಡದೆ ಕೂತದ್ದಕ್ಕೆ ಯಾರು ಯಾರೋ ಹೆಸರು ಪಡೆದಿರಬಹುದು. ಅದನ್ನು ತೊಡಿಸಿದ ದೊಡ್ಡ ಪಾದ್ರಿಗಳು, ಒಳಗಿನ ಮೆತ್ತೆ ಸರಿಮಾಡಿದ ಕೆಲಸಗಾರರು, ಇನ್ನೂ ಯಾರೋ. ಆದರೆ ನಿಜವಾಗಿ ಅದನ್ನು ಬೀಳದಂತೆ ತಡೆದವರು ಊರಿಗಾಂನ ನಮ್ಮ ನಡುಮನೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದ ನಮ್ಮ ದೊಡ್ಡತ್ತೆ! ನಂಬುವುದಿಲ್ಲವೇ? ಬೇಡ ಬಿಡಿ. ಲಂಡನ್ನಿನವರಿಗೂ ಈ ವಿಷಯ ಇನ್ನೂ ಗೊತ್ತಿಲ್ಲ.

ದೊಡ್ಡತ್ತೆ ಎಂದರೆ ನನ್ನ ಅತ್ತೆಯ ಅಕ್ಕ. ವಾಸ ಬಂಗಾರಪೇಟೆಯ ಹತ್ತಿರದ ಹಳ್ಳಿ, ಕಸುಬು ಗಾಬರಿ. ಕುಕ್ಕರ್ ಕೂಗಿದರೆ ಗಾಬರಿ, ಕೂಗದಿದ್ದರೆ ಇನ್ನೂ ಗಾಬರಿ. ಬಸ್ಸಿನ ಡ್ರೈವರ್ ಆಕಳಿಸಿದ್ದನ್ನು ಕನ್ನಡಿಯಲ್ಲಿ ನೋಡಿ ಬೇತಮಂಗಲದಲ್ಲೇ ಇಳಿದುಬಿಟ್ಟ ಹೆಂಗಸು ಅವರು. ಇಳಿದವರು ಸುಮ್ಮನೆ ಇಳಿದರೇ? ಡ್ರೈವರಿಗೆ ಒಂದು ಲೋಟ ಟೀ ಕುಡಿಸಿ, ಅವನ ಕಣ್ಣು ಪೂರ್ತಿ ತೆರೆದದ್ದನ್ನು ಖಾತ್ರಿ ಮಾಡಿಕೊಂಡು, ಮತ್ತೆ ಹತ್ತಿದರು!

ಇಷ್ಟು ಗಾಬರಿಯನ್ನು ಒಬ್ಬರೇ ಹೊರುವುದು ಸಾಧ್ಯವೇ? ಅದಕ್ಕೇ ಅವರೊಂದಿಗೆ ಒಬ್ಬ ದೇವರಿದ್ದಾನೆ. ಬೆರಳುದ್ದದ ಹಿತ್ತಾಳೆಯ ವೆಂಕಟರಮಣ. ಆತ ಪ್ರಯಾಣ ಮಾಡುವುದು ಊಟದ ಕ್ಯಾರಿಯರ್‌ನಲ್ಲಿ. ಆ ಕ್ಯಾರಿಯರ್ ಅವರ ಗಂಡ, ನಮ್ಮ ದೊಡ್ಡಮಾವನದು. ದೊಡ್ಡಮಾವ ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದಾಗ ಅದರಲ್ಲಿ ಮುದ್ದೆ, ಸಾರು ಕೆಳಗೆ ಹೋಗುತ್ತಿದ್ದವು. ಗಣಿ ಮುಚ್ಚಿತು, ಮಾವನೂ ಹೋದರು. ಈಗ ಅದರ ದೊಡ್ಡ ಡಬ್ಬಿಯಲ್ಲಿ ಒಗೆದ ಟವೆಲ್ ಸುತ್ತಿಕೊಂಡು ದೇವರು, ನಡುವಿನದರಲ್ಲಿ ಕಣಗಲೆ ಹೂವು, ಕೆಳಗಿನದರಲ್ಲಿ ನಮಗೆ ಚಟ್ನಿಪುಡಿ.

ದೇವರ ಕೆಲಸ ಹೂವಿನ ಪ್ರಸಾದ ಕೊಡುವುದು. ತಲೆಯ ಮೇಲೆ ಒಂದು ಹೂವಿಟ್ಟು ಮನಸ್ಸಿನಲ್ಲಿರುವುದನ್ನು ಕೇಳಬೇಕು. ಬಲಕ್ಕೆ ಬಿದ್ದರೆ ಆಗಲಿ ಎಂದು ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ ಎಂದು. ಮಾವ ಗಣಿಗೆ ಇಳಿಯುವ ಪ್ರತಿ ಪಾಳಿಗೂ ದೊಡ್ಡತ್ತೆ ಹೀಗೆ ಕೇಳುತ್ತಿದ್ದರಂತೆ. ಎಡಕ್ಕೆ ಬಿದ್ದ ದಿನ ಮಾವನ ಬೂಟುಗಳಲ್ಲಿ ಒಂದು ಮಾಯ! ಎರಡನ್ನೂ ಬಚ್ಚಿಟ್ಟರೆ ಅನುಮಾನ ಬರುತ್ತದಲ್ಲ, ಅದಕ್ಕೇ ಒಂದು. ಪಾಪ, ಮಾವ ಮಂಚದ ಕೆಳಗೆಲ್ಲ ತಡಕಾಡಿ, ಪಾಳಿ ತಪ್ಪಿಸಿಕೊಂಡು, ಮರುದಿನ ಹೋಗಿ ತಲೆ ಕೆರೆಯುತ್ತ ನಿಂತರೆ ಮೇಸ್ತ್ರಿ ಕಾರಣವನ್ನೇ ಕೇಳುತ್ತಿರಲಿಲ್ಲವಂತೆ.

"ಏನಯ್ಯಾ, ಊವು ಎಡಕ್ ಬಿತ್ತಾ?"

ಇಷ್ಟೇ.

ನನ್ನ ಮದುವೆಯೂ ಈ ಹೂವಿನ ಕೈಯಲ್ಲಿ ಸಿಕ್ಕಿ ನಲುಗಿದ್ದುಂಟು. ಮಾಲೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಹೊರಟವರು ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಾಗ ಕ್ಯಾರಿಯರ್ ಬಿಚ್ಚಿದರಂತೆ. ಹೂವು ಬಿತ್ತು. "ಬಲಕ್ಕೇ ಬಿತ್ತು, ಅತ್ತೋಣ ದೊಡ್ಡಮ್ಮ" ಎಂದು ನನ್ನವರು ಬೋಗಿಯ ಮೆಟ್ಟಿಲಿಗೆ ಕಾಲಿಟ್ಟರೆ, ದೊಡ್ಡತ್ತೆ ಅಂಗಿ ಹಿಡಿದು ಎಳೆದರು.

"ಅದು ನಿನ್ ಬಲ ಕಣ್ಲಾ ನಾಯ್ನಾ! ದೇವ್ರು ನಮ್ ಕಡೆ ಮಕ ಮಾಡ್ಕಂಡ್ ಕುಂತವ್ನೆ. ಅವ್ನ್ಗೆ ಅದು ಎಡ. ಕೇಳೋರು ನಾವು, ಕೊಡೋನು ಅವ್ನು. ಬಲ ಅಂದ್ರೆ ಅವ್ನ ಬಲ!"

ಈ ಶಾಸ್ತ್ರಾರ್ಥ ಮುಗಿಯುವಷ್ಟರಲ್ಲಿ ರೈಲು ಹೋಗಿತ್ತು. ಇತ್ತ ನಾನು ರೇಷ್ಮೆ ಸೀರೆಯುಟ್ಟು, ಕೇಸರಿಬಾತು ಕಲ್ಲಾಗುವುದನ್ನು ನೋಡುತ್ತ ಸಂಜೆಯವರೆಗೆ ಕೂತಿದ್ದೆ. ಮುಂದಿನ ವಾರ ಹೂವು ದೇವರ ಬಲಕ್ಕೆ ಬಿದ್ದ ಮೇಲೆಯೇ ನನಗೆ ಗಂಡ ಸಿಕ್ಕಿದ್ದು!

ಇಂಥ ದೊಡ್ಡತ್ತೆ ಆ ಗುರುವಾರ ಸಂಜೆ ಕ್ಯಾರಿಯರ್ ಹಿಡಿದು ನಮ್ಮ ಮನೆಗೆ ಬಂದರು. ಬಂದದ್ದು ಪಟ್ಟಾಭಿಷೇಕ ನೋಡಲು ಎಂದರು. "ಟೀವೀಲಿ ತೋರಿಸ್ತಾರಂತಲ್ಲ. ಆ ಕಿರೀಟದಾಗಿರೋ ಚಿನ್ನ ನಿಮ್ ದೊಡ್ಡಮಾವ ತೆಗ್ದಿದ್ದು. ನೋಡ್ದೆ ಇದ್ರೆ ಎಂಗೆ?" ಆ ಕಿರೀಟ ನಮ್ಮ ಗಣಿಗಳಿಗಿಂತ ಎಷ್ಟೋ ಹಳೆಯದು ಎಂದು ಕಾನ್ವೆಂಟಿನಲ್ಲಿ ಓದಿದ್ದ ನೆನಪು. ಆದರೂ ಹೂಂ ಎಂದೆ. ಪಟ್ಟಾಭಿಷೇಕ ಶನಿವಾರ. ಕೋಲಾರದ ಆಸ್ಪತ್ರೆಯಲ್ಲಿ ನನ್ನ ಆಪರೇಷನ್ ಸೋಮವಾರ. ಅವರು ಯಾವುದಕ್ಕೆ ಬಂದಿದ್ದಾರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಆಡಲಿಲ್ಲ.

ನನ್ನ ಕತ್ತಿನಲ್ಲಿ ಒಂದು ಗಂಟು. ಅಡಿಕೆ ಗಾತ್ರದ್ದು. ಎಂಜಲು ನುಂಗಿದರೆ ಅದೂ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. "ತೆಗೆದು ಪರೀಕ್ಷೆಗೆ ಕಳಿಸಿದ ಮೇಲೇ ಎಂಥದು ಅಂತ ಹೇಳಬೇಕಮ್ಮ" ಎಂದಿದ್ದರು ಡಾಕ್ಟರು. ಆ ಮಾತು ಕೇಳಿದಂದಿನಿಂದ ನನ್ನ ಕೈ ಸದಾ ಕತ್ತಿನ ಮೇಲೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದು, ಗಂಟು ಇದೆಯೋ ಹೋಯಿತೋ ನೋಡಿಕೊಳ್ಳುವುದು ಮಾತ್ರ ತಪ್ಪದು. ದೊಡ್ಡತ್ತೆ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆದರೆ ನಾನು ನೀರು ಕುಡಿಯಲು ಲೋಟ ಎತ್ತಿದರೆ ಅವರ ಮಾತು ನಡುವೆಯೇ ನಿಂತುಹೋಗುತ್ತಿತ್ತು. ಲೋಟ ಕೆಳಗಿಟ್ಟ ಮೇಲೆ ಮುಂದುವರಿಯುತ್ತಿತ್ತು.

ಬಂದ ಸಂಜೆಯೇ ಟೀವಿಯ ಮೇಲಿನ ಹಲಗೆಯಲ್ಲಿ ಸೆಟ್ ಟಾಪ್ ಬಾಕ್ಸನ್ನು ಪಕ್ಕಕ್ಕೆ ಸರಿಸಿ ದೇವರನ್ನು ಕೂರಿಸಿದರು. ಗಂಧ ಹಚ್ಚಿ, ಒಂದು ಕಣಗಲೆ ಹೂವು ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದರು. ಏನು ಕೇಳಿದರೆಂದು ನನಗೆ ಹೇಳಬೇಕೇ?

ಹೂವು ಬೀಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೀಳಲಿಲ್ಲ, ಸಂಜೆಯೂ ಬೀಳಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಬೀಳುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸಾಲದ್ದಕ್ಕೆ ಮೇ ತಿಂಗಳ ಆ ಸೆಕೆಯಲ್ಲಿ ಫ್ಯಾನೂ ಬಂದ್!

"ದೊಡ್ಡಮ್ಮಾ, ಗಂಧ ಒಣಗಿ ಊವು ಅಂಟ್ಕೊಂಡೈತೆ. ಒಂದ್ನಿಮಿಷ ಫ್ಯಾನ್ ಆಕ್ತೀನಿ, ತಾನಾಗೇ ಬೀಳ್ತೈತೆ" ಎಂದರು ನನ್ನವರು, ಬನಿಯನ್ ಹಿಂಡುತ್ತ.

"ಫ್ಯಾನ್ ಗಾಳೀಗೆ ಬಿದ್ರೆ ಅದು ಫ್ಯಾನ್ ಕೊಟ್ಟ ಪ್ರಸಾದ ಕಣ್ಲಾ. ದೇವ್ರ್ ಅತ್ರ ಮೋಸ ಮಾಡ್ತೀಯಾ? ನಿಮ್ ದೊಡ್ಡಪ್ಪನ ಇಷ್ಯದಾಗೇ ನಾನು ಒಂದಿನಾನೂ ಕೈ ಆಕಿಲ್ಲ!"

ನಾವು ಕ್ಯಾಲೆಂಡರಿನಿಂದ ಗಾಳಿ ಹಾಕಿಕೊಂಡೆವು. ಅದೂ ಹಲಗೆಯಿಂದ ದೂರ ಕೂತು.

ಶನಿವಾರ ಮಧ್ಯಾಹ್ನ ಪಟ್ಟಾಭಿಷೇಕ ಶುರುವಾಯಿತು. ನಮ್ಮಲ್ಲಿ ಚುನಾವಣೆಯ ಗಲಾಟೆ. ಬೀದಿಯಲ್ಲಿ ಆಟೋ ಮೇಲೆ ಮೈಕು ಒಮ್ಮೆ ಕನ್ನಡದಲ್ಲಿ, ಒಮ್ಮೆ ತಮಿಳಿನಲ್ಲಿ, ಒಮ್ಮೆ ತೆಲುಗಿನಲ್ಲಿ ಓಟು ಕೇಳಿಕೊಂಡು ಹೋಗುತ್ತಿತ್ತು. ಟೀವಿಯಲ್ಲಿ ಲಂಡನ್ನಿನ ಮಳೆ. ನನ್ನವರು ಕಾರ್ಖಾನೆಯಿಂದ ಆಗತಾನೆ ಬಂದು ಚಾಪೆಯ ಮೇಲೆ ಉರುಳಿದ್ದರು. ದೊಡ್ಡತ್ತೆಯ ಒಂದು ಕಣ್ಣು ಮೇಲೆ ಹೂವಿನ ಕಡೆ, ಇನ್ನೊಂದು ಕಣ್ಣು ಕೆಳಗೆ ರಾಜನ ಕಡೆ.

"ಅಲ್ಲ ಅಮ್ಮಾಯೀ, ಇಷ್ಟು ವಯಸ್ಸಾಗೈತೆ! ಈವಾಗ್ ಕೆಲ್ಸ ಸಿಕ್ತಾ ಇವ್ನ್ಗೆ?"

"ಅಮ್ಮ ಇರೋವರೆಗೂ ಅವರೇ ರಾಣಿ ಅಲ್ವಾ ದೊಡ್ಡತ್ತೆ."

"ಮಳೇಲಿ ನೆನೆಸ್ಬುಟ್ಟು ಕರ್ಕಂಬಂದವ್ರೆ. ಯಾರೂ ಇಲ್ವಾ ತಲೆ ಒರ್ಸೋಕೆ? ಆ ಕುದ್ರೆ ನೋಡು, ಎಂಗ್ ಕಿವಿ ನಿಗರಿಸ್ತೈತೆ!"

ಗಾಡಿ ನಿಂತು ರಾಜ ಇಳಿದು ಚರ್ಚಿನ ಒಳಗೆ ಹೋಗುವವರೆಗೆ ದೊಡ್ಡತ್ತೆ ಉಸಿರಾಡಲಿಲ್ಲ. ನಾನೂ ಆಡಲಿಲ್ಲ ಅನ್ನಿ. ಗಾಬರಿ ಅಂಟುರೋಗ. ಅದೂ ಒಂದು ಗಾಬರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಬೇಗ ಹತ್ತುತ್ತದೆ. ಒಳಗೆ ರಾಜನ ಮೇಲಂಗಿ ಕಳಚಿ, ಬಿಳಿ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಸುತ್ತ ಮರೆ ಹಿಡಿದರು. ಬಿಳಿ ಅಂಗಿ, ಮರೆ, ಸುತ್ತ ನಿಂತ ಜನ... ನನಗೆ ಸೋಮವಾರ ನೆನಪಾಗಿ ಕೈ ಕತ್ತಿಗೆ ಹೋಯಿತು.

"ಯಾಕೆ ಮರೆ ಇಡ್ದ್ರು? ಏನ್ ಮಾಡ್ತಾವ್ರೆ ಅವ್ನ್ಗೆ?" ದೊಡ್ಡತ್ತೆ ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಂಡರು.

"ಏನಿಲ್ಲ ದೊಡ್ಡತ್ತೆ. ತಲೆಗೆ, ಎದೆಗೆ ಎಣ್ಣೆ ಹಚ್ಚುತ್ತಾರಂತೆ. ಶಾಸ್ತ್ರ."

"ಎಣ್ಣೇನಾ? ತಲೇಗಾ? ಆಮೇಲೆ ಸೀಗೆಕಾಯಿ ಆಕ್ತಾರಾ?"

"ಇಲ್ಲ, ಆಮೇಲೆ ಕಿರೀಟ ಇಡ್ತಾರೆ. ಎರಡು ಕೇಜಿ ಮೇಲಿದೆಯಂತೆ."

ದೊಡ್ಡತ್ತೆ ಎದ್ದು ನಿಂತುಬಿಟ್ಟರು.

"ಅಯ್ಯೋ ನಿಮ್ ಬುದ್ಧಿಗಿಷ್ಟು! ಎಣ್ಣೆ ಅಚ್ಚಿದ್ ತಲೆ ಮ್ಯಾಲೆ ಎರಡ್ ಕೇಜಿ ಇಟ್ರೆ ಜಾರಲ್ವಾ? ಕತ್ತು ಉಳುಕಲ್ವಾ? ಅಷ್ಟು ಜನ ಓದಿರೋರು ಸೇರವ್ರೆ, ಒಬ್ರಿಗೂ ಒಳೀಲಿಲ್ವಾ!"

ನನ್ನವರು ಚಾಪೆಯ ಮೇಲೆ ಮಗ್ಗುಲಾಗಿ ನಗುತ್ತಿದ್ದರು. ನಾನು ನಗಲು ಹೋದೆ, ಆಗಲಿಲ್ಲ. ನಿಜಕ್ಕೂ ಜಾರಿದರೆ? ಈಗ ಹೇಳಿದರೆ ನಗುತ್ತೀರಿ. ಆ ಹೊತ್ತಿನಲ್ಲಿ ಮಾತ್ರ, ಆ ಮುದುಕನ ಕತ್ತು ಗಟ್ಟಿಯಾಗಿ ನಿಂತರೆ ನನ್ನದೂ ನಿಲ್ಲುತ್ತದೆ ಎಂದು ಯಾಕೋ ಗಟ್ಟಿಯಾಗಿ ಅನಿಸಿಬಿಟ್ಟಿತ್ತು. ದೊಡ್ಡತ್ತೆ ಅಡುಗೆಮನೆಗೆ ಓಡಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ಟೀವಿಗೆ ಮೂರು ಸುತ್ತು ದೃಷ್ಟಿ ಇಳಿ ತೆಗೆದು ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು. ರಾಜ ಮಾತ್ರ ಕೆಮ್ಮಲಿಲ್ಲ. ನನ್ನವರು ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಎದ್ದು ಹೋದರು.

ಪಾದ್ರಿಗಳು ಕಿರೀಟ ಎತ್ತಿದರು. ಎರಡೂ ಕೈಯಲ್ಲಿ ಮೇಲೆ ಹಿಡಿದರು. ದೊಡ್ಡತ್ತೆಯ ಬೆರಳುಗಳು ನನ್ನ ತೋಳಿನಲ್ಲಿ ಹೂತವು. ಕಿರೀಟ ನಿಧಾನವಾಗಿ ಕೆಳಗೆ ಇಳಿಯತೊಡಗಿತು.

ಕರೆಂಟು ಹೋಯಿತು!

"ಓಯ್ತು! ಬಿದ್ದೇ ಓಯ್ತು ಕಿರೀಟ!" ದೊಡ್ಡತ್ತೆ ಚೀರಿದರು. "ಓಗ್ ಅಮ್ಮಾಯೀ, ನಮ್ಮನೇದ್ ಮಾತ್ರಾನಾ, ಎಲ್ರದೂ ಓಗೈತಾ ನೋಡ್ಕಂಬಾ!"

ಗೇಟಿನವರೆಗೆ ಓಡಿದೆ. ಎದುರು ಮನೆಯ ತಮಿಳು ಅಕ್ಕ ಆಗಲೇ ಬೀದಿಗೆ ಬಂದು ಕೈಯಾಡಿಸುತ್ತಿದ್ದರು. "ಪೋಚ್ಚುಕ್ಕಾ! ಲೈನ್ ಪೂರಾ ಪೋಚ್ಚು!" ನಮ್ಮ ಮನೆಯದಷ್ಟೇ ಅಲ್ಲ, ಬೀದಿಗೆಲ್ಲ ಹೋಗಿತ್ತು.

ಚಪ್ಪಲಿ ಮೆಟ್ಟದೆ ಓಡಿದ್ದೆನಲ್ಲ, ವಾಪಸು ಬರುವಾಗ ಹೆಜ್ಜೆ ಸದ್ದಾಗಲಿಲ್ಲ. ಬಾಗಿಲಲ್ಲಿ ನಿಂತೆ. ಒಳಗೆ ದೊಡ್ಡತ್ತೆ ತುದಿಗಾಲಲ್ಲಿ ನಿಂತಿದ್ದರು, ಕಪ್ಪಾದ ಟೀವಿಯ ಮುಂದೆ, ನನಗೆ ಬೆನ್ನು ಮಾಡಿ. ಎಡಗೈಯಲ್ಲಿ ಹಲಗೆ ಹಿಡಿದಿದ್ದರು. ಬಲಗೈ ಮೇಲೆ ಹೋಯಿತು. ತೋರುಬೆರಳು ದೇವರ ತಲೆಯ ಮೇಲಿನ ಬಾಡಿದ ಹೂವನ್ನು ಮುಟ್ಟಿ, ಮೆಲ್ಲಗೆ, ಮಗುವಿನ ಕೆನ್ನೆಯ ಮೇಲಿನ ಅನ್ನದಗುಳು ತೆಗೆಯುವ ಹಾಗೆ, ತಳ್ಳಿತು.

ನಾನು ಸದ್ದಿಲ್ಲದೆ ಗೇಟಿನವರೆಗೆ ಹಿಂದೆ ಹೋಗಿ ಚಿಲಕ ಸದ್ದು ಮಾಡಿದೆ. ಕೆಮ್ಮಿದೆ. ಆಮೇಲೆ ಒಳಗೆ ಹೋದೆ.

ದೊಡ್ಡತ್ತೆ ಕುರ್ಚಿಯಲ್ಲಿ ಕೂತು ಏನೂ ಆಗದವರಂತೆ ಗೋಡೆ ನೋಡುತ್ತಿದ್ದರು. "ಅಮ್ಮಾಯೀ, ಊವು ಬಿತ್ತು ನೋಡು" ಎಂದರು. ನೋಡಿದೆ. ಅವರೂ ಆಗಷ್ಟೇ ಸರಿಯಾಗಿ ನೋಡಿದ್ದು. ನೋಡಿದವರ ಮುಖದ ಬಣ್ಣ ಇಳಿದುಹೋಯಿತು. ಗಾಬರಿಯಲ್ಲಿ ತಮ್ಮ ಬಲಕ್ಕೆ ತಳ್ಳಿಬಿಟ್ಟಿದ್ದರು! ನಮ್ಮ ಬಲಕ್ಕೆ. ಎಂದರೆ ದೇವರ ಎಡಕ್ಕೆ. ಜೀವಮಾನದಲ್ಲಿ ಮೊದಲ ಸಲ ದೇವರಿಗೆ ಮೋಸ ಮಾಡಲು ಹೋಗಿ, ಅದನ್ನೂ ತಪ್ಪು ಮಾಡಿ ಕೂತಿದ್ದರು.

ಅವರು ತಮ್ಮ ಬಲಗೈ ನೋಡಿಕೊಂಡರು. ದೇವರನ್ನು ನೋಡಿದರು. ತುಟಿಗಳು ಅಲುಗಿದವು. ಆ ಕ್ಷಣದಲ್ಲಿ ಕಂಡದ್ದನ್ನು ಹೇಳಿಬಿಡಲೇ, ಕಾಣದವಳಂತೆ ಇರಲೇ? ಅಷ್ಟರಲ್ಲಿ ಹಿತ್ತಲಿನಿಂದ ನನ್ನವರು ಬಂದರು. ಹೂವು ನೋಡಿ ಗಕ್ಕನೆ ನಿಂತರು. ಮಾಲೂರಿನ ರೈಲು ತಪ್ಪಿಸಿಕೊಂಡವರಲ್ಲವೇ, ಲೆಕ್ಕ ಅವರಿಗೂ ಗೊತ್ತು.

"ದೊಡ್ಡಮ್ಮಾ... ಇದು ದೇವ್ರ್ಗೆ ಎಡ..."

"ಬಾಯ್ಮುಚ್ಲಾ!" ದೊಡ್ಡತ್ತೆ ಗುಡುಗಿದರು. "ಕೇಳ್ದೋರು ನಾವು ತಾನೆ? ನಮ್ ಬಲ್ಗಡೆ ಬಿದ್ದೈತೆ. ಅವ್ನ ಬಲ ಯಾರಿಗ್ ಬೇಕು? ಅವ್ನ್ಗೇನ್ ಆಪರೇಷನ್ನಾ?"

ಆ ಮಾತು ಮೂರು ದಿನಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಬಿದ್ದಿತ್ತು. ನನ್ನವರು ತಲೆ ತಗ್ಗಿಸಿದರು. ನಾನು ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡೆ. "ಹೌದು ದೊಡ್ಡತ್ತೆ, ಬಲಕ್ಕೇ ಬಿದ್ದಿದೆ" ಎಂದೆ. ಕರೆಂಟು ಬಂತು. ರಾಜ ಕಿರೀಟ ಹೊತ್ತು, ಕತ್ತು ಸ್ವಲ್ಪವೂ ತಿರುಗಿಸದೆ ಕೂತಿದ್ದ. ದೊಡ್ಡತ್ತೆ ಎದ್ದು ಹೋಗಿ ಫ್ಯಾನು ಹಾಕಿದರು.

ಸೋಮವಾರ ಆಸ್ಪತ್ರೆಯಲ್ಲಿ ನನ್ನ ಬಳೆ, ಸರ, ಓಲೆ ಎಲ್ಲವನ್ನೂ ತೆಗೆಸಿದ ನರ್ಸಮ್ಮ, ಜಡೆಯಲ್ಲಿ ಸಿಕ್ಕಿಸಿದ್ದ ಆ ಒಣಗಿದ ಕಣಗಲೆಯನ್ನೂ ತೆಗೆದು ದೊಡ್ಡತ್ತೆಯ ಕೈಗೆ ಕೊಟ್ಟರು. ಹಸಿರು ಬಟ್ಟೆಯ ಮರೆ ಸರಿಯುವಾಗ ಕಡೆಯದಾಗಿ ಕಂಡದ್ದು, ಆ ಕೈ ಮುಷ್ಟಿಯಾದದ್ದು.

ಗಂಟು ಕೆಟ್ಟ ಜಾತಿಯದಲ್ಲ ಎಂದು ಆಮೇಲೆ ತಿಳಿಯಿತು. ಕತ್ತಿನಲ್ಲಿ ಈಗ ಒಂದು ಸಣ್ಣ ಗೆರೆ ಇದೆ, ಕರಿಮಣಿ ಸರದಡಿ ಯಾರಿಗೂ ಕಾಣುವುದಿಲ್ಲ. ಆದರೆ ಅದು ಯಾವುದೂ ಗೊತ್ತಿಲ್ಲದ ಆ ಸಂಜೆ, ನನಗೆ ಅರೆಬರೆ ಎಚ್ಚರವಾದಾಗ, ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಮುಚ್ಚಳ ತೆಗೆದ ಸದ್ದಾಯಿತು. ಕ್ಯಾರಿಯರ್‌ನ ಮುಚ್ಚಳ. ಇಲ್ಲಿಗೂ ತಂದಿದ್ದರು! ನಾನು ನಿದ್ದೆಯಲ್ಲಿದ್ದೇನೆಂದುಕೊಂಡು ಡಬ್ಬಿಯೊಳಗೆ ಬಗ್ಗಿ ಪಿಸುಗುಡುತ್ತಿದ್ದರು.

"ಸಾಮೀ, ಊವು ತಳ್ಳಿದ್ದು ನಾನು. ಆ ಮಗೀಗೆ ಏನೂ ಗೊತ್ತಿಲ್ಲ. ತಪ್ಪು ನಂದು, ನನ್ ತಲೆ ಮ್ಯಾಲೆ ಆಕು. ಎಷ್ಟ್ ಕೇಜಿ ಆದ್ರೂ ಆಕು, ಒತ್ಕಂತೀನಿ."

ನಾನು ಕಣ್ಣು ತೆರೆಯಲಿಲ್ಲ. ಕೈ ಸರಿಸಿ, ಹಾಸಿಗೆಯ ಅಂಚಿನಲ್ಲಿದ್ದ ಆ ಮುಷ್ಟಿಯನ್ನು ಹುಡುಕಿ ಹಿಡಿದುಕೊಂಡೆ. ಅದು ಇನ್ನೂ ಬಿಗಿಯಾಗಿಯೇ ಇತ್ತು.