ಮೇಸ್ತ್ರಿ ಮುಟ್ಟಿದ ಆಮೆ

"ಇವತ್ತು ಸೂರ್ಯ ಮುಳುಗೋವರೆಗೂ ನಾನು ಮೇಸ್ತ್ರಿ ಅಲ್ಲ, ಬರೀ ಪ್ರವಾಸಿ! ಯಾರ ಗೋಡೆ ಸೊಟ್ಟಗಿದ್ರೂ ತಿರುಗಿ ನೋಡಿದ್ರೆ ಕೇಳು!"

ಗಾರೆ ಮೇಸ್ತ್ರಿಗಳು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ತಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ. ಪ್ರತಿಜ್ಞೆಯ ಭರದಲ್ಲಿ ಕಾಲಿಟ್ಟ ಮೆಟ್ಟಿಲುಕಲ್ಲು ಗಡಕ್ಕೆಂದು ವಾಲಿತು. ಗೋಡೆ ಹಿಡಿದು ಬಚಾವಾದರು.

"ಮೊದಲು ಇದನ್ನ ಸರಿ ಮಾಡ್ರೀ. ಇಪ್ಪತ್ತೆರಡು ವರ್ಷದಿಂದ ಬಟ್ಟೆ ಬಕೆಟ್ ಹಿಡ್ಕೊಂಡು ಇದರ ಮೇಲೆ ಕುಣೀತಿದ್ದೀನಿ," ಎಂದಳು ಹೆಂಡತಿ.

"ನಾಳೆ!"

ಊರಿನ ಅರ್ಧ ಮನೆಗಳ ಮೆಟ್ಟಿಲು ಅವರ ಕೈಯದೇ. ಒಂದೂ ಅಲುಗಿದ ದಾಖಲೆಯಿಲ್ಲ. ಸ್ವಂತ ಮನೆಯ ಕಲ್ಲಿಗೆ ಮಾತ್ರ ಆ 'ನಾಳೆ' ಇನ್ನೂ ಬಂದಿರಲಿಲ್ಲ.

ಹೊರಟಿದ್ದು ಹಳ್ಳಿಗಾಡಿನ ನಡುವೆ ಇದ್ದ ಮುನ್ನೂರು ವರ್ಷ ಹಳೆಯ ಶಿಲ್ಪಗಳ ತೋಟಕ್ಕೆ. ಯಾರೋ ತಿಕ್ಕಲು ಜಮೀನ್ದಾರ ಮಾಡಿಸಿದ್ದಂತೆ. ಆಕಳಿಸುವ ಸಿಂಹ, ತಲೆಕೆಳಗಾಗಿ ನಿಂತ ಸೇನಾಪತಿ, ಆಳೆತ್ತರದ ಬಸವನಹುಳು! ಆದರೆ ಹೆಂಡತಿಯ ಜೀವವೆಲ್ಲ ಅಲ್ಲಿನ ಆಮೆಯ ಮೇಲೆ. ಹೋದ ವರ್ಷ ನೋಡಿಬಂದ ನಾದಿನಿ ಕಂಡಕಂಡವರಿಗೆಲ್ಲ ತೋರುಬೆರಳು ಎತ್ತಿ ತೋರಿಸಿದ್ದೇ ತೋರಿಸಿದ್ದು: "ಆನೆ ತೂಕದ ಕಲ್ಲಾಮೆ ಅತ್ತಿಗೆ! ಈ ಬೆರಳಲ್ಲಿ ಹೀಗಂದೆ ನೋಡಿ, ತೊಟ್ಟಿಲ ಹಾಗೆ ತೂಗ್ತು!" ಅವತ್ತಿನಿಂದ ಅತ್ತಿಗೆಯ ಬೆರಳಿಗೆ ನಿದ್ದೆಯಿಲ್ಲ.

ಬಸ್ಸಿನಲ್ಲಿ ಅವಳು ಇದನ್ನೆಲ್ಲ ಗಂಡನಿಗೆ ವರ್ಣಿಸಿದಳು.

"ಕೇಳಿಸ್ಕೊಂಡ್ರೇನ್ರೀ?"

"ಹೂಂ, ಹೂಂ. ಆಮೆ."

ಅವರ ಕಣ್ಣು ಕಿಟಕಿಯಾಚೆ, ಯಾರೋ ಕಟ್ಟುತ್ತಿದ್ದ ಕಾಂಪೌಂಡ್ ಗೋಡೆಯ ಮೇಲಿತ್ತು. ಎರಡಂಗುಲ ಎಡಕ್ಕೆ ವಾಲಿತ್ತು ಅದು! ಆಡಿದ ಮಾತು ನೆನಪಾಗಿ ನಾಲಿಗೆ ಕಚ್ಚಿಕೊಂಡು ಕೂತರು.

ತೋಟದೊಳಗೆ ಕಾಲಿಟ್ಟದ್ದೇ ತಡ, ಮೇಸ್ತ್ರಿಗಳಿಗೆ ಹುಚ್ಚೇ ಹಿಡಿಯಿತು. "ಸಿಂಹ ನೋಡೇ! ಒಂದೇ ಕಲ್ಲು! ಒಂದು ಸಂದಿಲ್ಲ, ಒಂದು ಜೋಡಣೆಯಿಲ್ಲ!" ಎಂದು ಕುಣಿಯುತ್ತ ಪ್ರವಾಸಿಗರ ಗುಂಪನ್ನು ಬಿಟ್ಟು ಮುಂದೆ ಓಡಿದರು. ಹಿಂದೆ ಗೈಡು ಸೇನಾಪತಿ ತಲೆಕೆಳಗಾದ ಕಥೆಯನ್ನು ಎಳೆಯುತ್ತಿದ್ದ. ಹೆಂಡತಿ ಅಲ್ಲೇ ಸಿಕ್ಕಿಕೊಂಡಳು.

ಪೊದೆಯ ತಿರುವಿನಲ್ಲಿ ಆಮೆ ಕೂತಿತ್ತು. ಏದುಸಿರು ಬಿಡುತ್ತ ಅದರ ಬೆನ್ನ ಮೇಲೆ ಕೈಯೂರಿದರೆ, ಆಮೆ ಅಲುಗಿತು!

ಮೇಸ್ತ್ರಿಗಳು ಥಟ್ಟನೆ ಕೈ ತೆಗೆದರು. ಇಷ್ಟು ದೊಡ್ಡ ಕಲ್ಲು! ಮಕ್ಕಳುಮರಿ ಓಡಾಡೋ ಜಾಗ! ಒಂದು ಕಡೆ ಪ್ರತಿಜ್ಞೆ, ಇನ್ನೊಂದು ಕಡೆ ವೃತ್ತಿಧರ್ಮ. ಧರ್ಮವೇ ಗೆದ್ದಿತು. ಒಂದು ಕಲ್ಲುಚಕ್ಕೆ ಹುಡುಕಿ, ಇನ್ನೊಂದು ಕಲ್ಲಿನಿಂದ ಅದರ ಅಂಚು ತಟ್ಟಿ, ಆಮೆಯ ಹೊಟ್ಟೆಯಡಿ ತೂರಿಸಿ ಟಕಟಕನೆ ಹೊಡೆದರು. ಭುಜ ಕೊಟ್ಟು ನೂಕಿದರು. ಮಿಸುಕಲಿಲ್ಲ. ಮೂರೇ ನಿಮಿಷದಲ್ಲಿ ಲೋಕಕಲ್ಯಾಣ!

ಅಷ್ಟರಲ್ಲಿ ಗುಂಪು ಬಂತು. "ಈಗ ನಮ್ಮ ತೋಟದ ಮಹಾ ಅದ್ಭುತ!" ಗೈಡ್ ಕೈಯೆತ್ತಿ ಸಾರಿದ. "ಮುನ್ನೂರು ವರ್ಷದಿಂದ ಒಂದೇ ಬೆರಳಿಗೆ ತೂಗ್ತಿರೋ ಆಮೆ! ಯಾರು ಮೊದಲು?"

"ನಾನು!" ಹೆಂಡತಿ ಬೆರಳು ಮುಂದೆ ಮಾಡಿಕೊಂಡೇ ಓಡಿಬಂದಳು.

ಒಂದು ಬೆರಳಲ್ಲಿ ನೂಕಿದಳು. ಆಮೇಲೆ ಎರಡು. ಆಮೇಲೆ ಅಂಗೈ. ಗೈಡ್ ನೂಕಿದ. ಇಡೀ ಗುಂಪೇ ಐಸಾ ಎಂದು ನೂಕಿತು. ಆಮೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನಿಮ್ಮ ತಂಗಿ ಬೆರಳಿಗೆ ತೂಗಿದ್ದು ನನ್ನ ಬೆರಳಿಗೆ ಯಾಕ್ರೀ ತೂಗಲ್ಲ?" ಎನ್ನುವಾಗ ಅವಳ ಕಣ್ಣಲ್ಲಿ ನೀರಾಡಿತು. ಮೇಸ್ತ್ರಿಗಳು ಕಣ್ಣೊರೆಸಲು ಕೈ ಮುಂದೆ ಮಾಡಿದರು. ಅಷ್ಟರಲ್ಲೇ ಆ ಕಣ್ಣು ಅವರ ಉಗುರಿನ ಹಸಿಮಣ್ಣಿನ ಮೇಲೆ ಬಿತ್ತು.

"ರೀ, ಕೈ ತೋರಿಸಿ."

"ಅದು... ಅಲ್ಲಾಡ್ತಿತ್ತು ಕಣೇ!"

"ಅಲ್ಲಾಡೋಕೇ ಅದು ಇರೋದ್ರೀ!"

ಗೈಡ್ ತಲೆಯ ಮೇಲೆ ಕೈಹೊತ್ತು ಕುಳಿತ. ಹಾರೆ ಹಾಕಿದರೆ ಆಮೆಗೆ ಪೆಟ್ಟು, ಬರೀ ಕೈಯಲ್ಲೇ ತೆಗೆಯಬೇಕು. ಹೊಸ ಬಿಳಿ ಅಂಗಿಯಲ್ಲಿ ಮೇಸ್ತ್ರಿಗಳು ಮಣ್ಣಿನ ಮೇಲೆ ಬೋರಲು ಬಿದ್ದರು. ಆದರೆ ಅವರ ಕೆಲಸ ಸಾಮಾನ್ಯದ ಕೆಲಸವೇ? ಒಂದು ಗಂಟೆ ಕೆರೆದರು, ಕೆದಕಿದರು, ಬೇಡಿಕೊಂಡರು. ತಮ್ಮ ಕೆಲಸ ಸ್ವಲ್ಪ ಕಳಪೆಯಾಗಿರಬಾರದಿತ್ತೇ ಎಂದು ಜೀವಮಾನದಲ್ಲಿ ಮೊದಲ ಸಲ ಹಲುಬಿದರು. ಕೊನೆಗೂ ಚಕ್ಕೆ ಈಚೆ ಬಂತು!

ಹೆಂಡತಿ ಉಸಿರು ಬಿಗಿಹಿಡಿದು ಬೆರಳಿಟ್ಟಳು.

"ತೂಗ್ತಿದೆ! ರೀ, ತೂಗ್ತಿದೆ!" ಪುಟ್ಟ ಹುಡುಗಿಯ ಹಾಗೆ ಕುಪ್ಪಳಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಗಲಾಟೆಯಲ್ಲಿ ಅವಳು ಬಗ್ಗಿ ಏನನ್ನೋ ಚೀಲಕ್ಕೆ ಹಾಕಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಮನೆ ಸೇರುವಷ್ಟರಲ್ಲಿ ಮೇಸ್ತ್ರಿಗಳ ಮೀಸೆ ಮತ್ತೆ ಮೇಲೆದ್ದಿತ್ತು. "ನೋಡಿದ್ಯಾ? ನನ್ನ ಕೆಲಸ ಬಿಚ್ಚೋಕೂ ನಾನೇ ಬೇಕಾಯ್ತು!" ಎನ್ನುತ್ತ ಕೈ ತೊಳೆಯಲು ಹಿತ್ತಿಲಿಗೆ ಹೆಜ್ಜೆಯಿಟ್ಟರು.

ಗಡಕ್! ಮೇಸ್ತ್ರಿಗಳು ಹೋಗಿ ಬಟ್ಟೆ ಬಕೆಟ್ಟಿನಲ್ಲಿ ಕುಳಿತರು.

ಹೆಂಡತಿ ಗಾಬರಿಯಾಗಲಿಲ್ಲ. ನಿಧಾನವಾಗಿ ಚೀಲ ತೆರೆದು ಕಲ್ಲುಚಕ್ಕೆ ತೆಗೆದಳು. ಅದೇ ಚಕ್ಕೆ! ಅದನ್ನು ಗಂಡನ ಒದ್ದೆ ಕೈಯಲ್ಲಿಟ್ಟು, ಕೆಂಪಾದ ಆಕಾಶದ ಕಡೆ ಬೆರಳು ತೋರಿಸಿದಳು.

"ಸೂರ್ಯ ಮುಳುಗಿದ ಕಣ್ರೀ. ಇನ್ನು ಮೇಸ್ತ್ರಿ ಆಗಬಹುದು."